ಒತ್ತು ಎಲ್ಲಿ ಬೀಳಬೇಕು?

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ಪರಭಾಷೆಯೊಂದನ್ನು ಕಲಿಯಹೊರಟವರಿಗೆ ಮೊದಲು ಹೆದರಿಕೆ ಹುಟ್ಟಿಸುವುದು ಅದರ ಲಿಪಿ. ಆಮೇಲೆ ಅದರ ಕ್ರಿಯಾಪದ. ಲಿಪಿಯ ಹೆದರಿಕೆ ಒಂದು ತಿಂಗಳಲ್ಲಿ ಕಳೆಯುತ್ತದೆ. ಕ್ರಿಯಾಪದದ ಹೆದರಿಕೆ ಮಾತ್ರ ವರುಷಗಟ್ಟಲೆ ಬೆನ್ನು ಬಿಡುವುದಿಲ್ಲ. ಪೋಲೆಂಡ್ ದೇಶದ ಭಾಷೆಯಲ್ಲಿ 'ಬರೆಯುವುದು' ಎಂಬುದಕ್ಕೆ 'ಪಿಸಾಚ್' ಎನ್ನುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಟಿಪ್ಪಣಿ ಬರೆಯುತ್ತ ಕುಳಿತವರಿಗೆ ಈ ಹೆಸರು ಅನ್ವರ್ಥವೆಂದೇ ತೋರೀತು! ಈ ಪಿಸಾಚ್ ಧಾತು ಬೆಳೆದು ಬೆಳೆದು 'ನಾಪಿಸಾಲಿಬಿಶ್ಮಿ' ಎಂದಾಗುತ್ತದೆ. 'ನಾವು ಬರೆದು ಮುಗಿಸುತ್ತಿದ್ದೆವು, ಅವಕಾಶವಿದ್ದಿದ್ದರೆ' ಎಂದು ಅದರ ಅರ್ಥ. ಇಂಥ ಉದ್ದದ ಪದಗಳಲ್ಲಿ ಒತ್ತು ಎಲ್ಲಿ ಬೀಳಬೇಕು ಎಂಬುದು ಆ ದೇಶದಲ್ಲಿ ಇಂದಿಗೂ ಬಲ್ಲವರ ವಾದಕ್ಕೆ ವಸ್ತು. ಆ ವಾದ ನಮಗೂ ಸಂಬಂಧಪಟ್ಟದ್ದೆಂದು ನನ್ನ ಅಭಿಪ್ರಾಯ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ದೂರದ ಪೋಲೆಂಡಿಗೂ ನಮಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಎರಡನೆಯ ಮಹಾಯುದ್ಧದಲ್ಲಿ ನೆಲೆ ಕಳೆದುಕೊಂಡ ಸುಮಾರು ಐದು ಸಾವಿರ ಪೋಲಿಷ್ ಜನರು, ಹೆಚ್ಚಾಗಿ ಹೆಂಗಸರೂ ಮಕ್ಕಳೂ, ೧೯೪೩ರಿಂದ ೧೯೪೮ರ ವರೆಗೆ ಕೊಲ್ಲಾಪುರದ ಪಕ್ಕದ ವಳಿವಡೆಯಲ್ಲಿ ವಾಸವಾಗಿದ್ದರು. ನಮ್ಮ ಬೆಳಗಾವಿ ಜಿಲ್ಲೆಯ ಗಡಿಯಿಂದ ಅದು ದೂರವಲ್ಲ. ಅಲ್ಲಿ ಅವರ ಶಾಲೆಗಳೂ ನಡೆದವು. ಎಂದರೆ, ನಮ್ಮ ಅಜ್ಜಂದಿರು ಕನ್ನಡ ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದ ಕಾಲಕ್ಕೆ, ಒಂದು ದಿನದ ಎತ್ತಿನ ಗಾಡಿಯ ಹಾದಿಯಾಚೆ ಬೇರೆ ಮಕ್ಕಳು ಈ ಪಿಸಾಚ್ ಧಾತುವಿನ ರೂಪಗಳನ್ನು ಬಾಯಿಪಾಠ ಮಾಡುತ್ತಿದ್ದರು. ಇಷ್ಟು ನೆರೆಹೊರೆಯ ಸಲಿಗೆ ಸಾಕೆಂದು ಭಾವಿಸಿ ಮುಂದುವರಿಯುತ್ತೇನೆ.

ಮೊದಲು ಪದವನ್ನು ಬಿಡಿಸುವ ಕ್ರಮವನ್ನು ನೋಡೋಣ. ಪೋಲಿಷಿನಲ್ಲಿ ಹ್ರಸ್ವ-ದೀರ್ಘ ಭೇದವಿಲ್ಲ. ಇಲ್ಲಿ ನಾನು ಬರೆಯುವ 'ಆ'ಕಾರವನ್ನು ಎಳೆದು ಓದಬೇಕಾಗಿಲ್ಲ. ಒಂದು ಪದದಲ್ಲಿ ಎಷ್ಟು ಸ್ವರಗಳು ಕಿವಿಗೆ ಕೇಳುತ್ತವೆಯೋ ಅಷ್ಟು ಉಚ್ಚಾರದ ತುಂಡುಗಳು. 'ನಾವು ಬರೆದೆವು' ಎಂಬ ಅರ್ಥದ 'ಪಿಸಾಲಿಶ್ಮಿ' ನಾಲ್ಕು ತುಂಡಿನ ಪದ. 'ನಾಪಿಸಾಲಿಬಿಶ್ಮಿ' ಆರು ತುಂಡಿನದು. ಕಣ್ಣಿಗೆ ಕಾಣುವ ಸ್ವರಾಕ್ಷರಗಳನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ. 'ನೀವು ಬರೆದಿರಿ' ಎಂಬುದಕ್ಕೆ 'ಪಿಸಾಲಿಶ್ಚೆ' ಎನ್ನುತ್ತಾರೆ. ಅವರ ಬರವಣಿಗೆಯಲ್ಲಿ ಅದಕ್ಕೆ ಐದು ಸ್ವರಾಕ್ಷರಗಳಿವೆ. ಆದರೆ ಅವುಗಳಲ್ಲಿ ಒಂದು 'ಇ'ಕಾರ ಹಿಂದಿನ ವ್ಯಂಜನವನ್ನು ಮೃದುಗೊಳಿಸಲಷ್ಟೇ ನಿಂತಿದೆ. ತನಗೆಂದು ಅದಕ್ಕೆ ಧ್ವನಿಯಿಲ್ಲ. ಆದುದರಿಂದ ತುಂಡುಗಳು ನಾಲ್ಕೇ.

ಇನ್ನು ಎರಡು ವ್ಯಂಜನಗಳು ಕೂಡಿದೆಡೆ ಎಲ್ಲಿ ಕತ್ತರಿಸಬೇಕು? 'ಪಿ-ಸಾ-ಲಿಶ್-ಮಿ' ಎಂದೇ, 'ಪಿ-ಸಾ-ಲಿ-ಶ್ಮಿ' ಎಂದೇ? ಸಾಲಿನ ತುದಿಯಲ್ಲಿ ಪದವನ್ನು ಒಡೆಯಬೇಕಾದಾಗ ಎರಡನ್ನೂ ಅವರ ಬರವಣಿಗೆಯ ನಿಯಮ ಒಪ್ಪುತ್ತದೆ. ನಮಗೆ ಇದು ಹೊಸತಾಗಿ ತೋರಬೇಕಾಗಿಲ್ಲ. ಬರೆಯುವಾಗ ನಾವು ಒತ್ತಕ್ಷರವನ್ನು ಮುಂದಿನ ಅಕ್ಷರದೊಡನೆ ಸೇರಿಸುತ್ತೇವೆ. ಛಂದಸ್ಸಿನ ಲೆಕ್ಕ ಹಾಕುವಾಗ ಅದರ ಭಾರವನ್ನು ಹಿಂದಿನ ಅಕ್ಷರದ ಮೇಲೆ ಹೊರಿಸಿ ಅದನ್ನು ಗುರುವೆನ್ನುತ್ತೇವೆ. ಒಂದೇ ವ್ಯಂಜನ ಕಣ್ಣಿಗೆ ಅತ್ತ, ಕಿವಿಗೆ ಇತ್ತ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಛಂದಸ್ಸಿನಲ್ಲಿ ಗುರು-ಲಘುಗಳೇ ಎಲ್ಲವೂ. ಪೋಲಿಷಿನಲ್ಲಿ ಒತ್ತು ಬೀಳುವುದಕ್ಕೆ ಅಕ್ಷರದ ಭಾರ ಕಾರಣವೇ ಅಲ್ಲ. ಅಲ್ಲಿ ಇರುವುದು ಕೊನೆಯಿಂದ ಹಿಂದಕ್ಕೆ ಎಣಿಸುವ ಲೆಕ್ಕ ಮಾತ್ರ. ಆದುದರಿಂದ 'ಶ್' ಯಾವ ಕಡೆಗೆ ವಾಲಿದರೂ ಒತ್ತಿನ ಸ್ಥಾನಕ್ಕೆ ಬಾಧಕವಿಲ್ಲ.

ಒತ್ತು ಎಂದು ನಾನು ಇಲ್ಲಿ ಹೇಳುತ್ತಿರುವುದು ಒತ್ತಕ್ಷರವನ್ನಲ್ಲ. ಪದದ ಒಂದು ತುಂಡನ್ನು ಉಳಿದವಕ್ಕಿಂತ ಬಲವಾಗಿ ನುಡಿಯುವ ರೀತಿಯನ್ನು. ರಷ್ಯನ್ ಭಾಷೆಯಲ್ಲಿ ಇದು ಎಲ್ಲಿ ಬೇಕಾದರೂ ಬೀಳಬಹುದು. ಝೆಕ್ ಭಾಷೆಯಲ್ಲಿ ಮೊದಲ ತುಂಡಿನ ಮೇಲೆ. ಪೋಲಿಷಿನಲ್ಲಿ ಕೊನೆಯಿಂದ ಎರಡನೆಯದರ ಮೇಲೆ. ಪದಕ್ಕೆ ಪ್ರತ್ಯಯ ಸೇರಿ ಅದು ಉದ್ದವಾದರೆ ಒತ್ತೂ ಒಂದು ಹೆಜ್ಜೆ ಮುಂದೆ ಸರಿದು, ಮತ್ತೆ ಕೊನೆಯಿಂದ ಎರಡನೆಯ ಸ್ಥಾನದಲ್ಲಿಯೇ ನಿಲ್ಲುತ್ತದೆ. ಹಿಂದೆ ಪೋಲಿಷಿನಲ್ಲಿಯೂ ಮೊದಲ ತುಂಡಿನ ಮೇಲೆ ಒತ್ತು ಬೀಳುವ ಕಾಲವೊಂದಿತ್ತು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ; ದಕ್ಷಿಣದ ಪೊದ್‌ಹಾಲೆ ಎಂಬ ಬೆಟ್ಟನಾಡಿನ ಜನರ ಮಾತಿನಲ್ಲಿ ಅದು ಉಳಿದುಕೊಂಡಿದೆ.

ಇಷ್ಟು ಸರಳವಾದ ನಿಯಮಕ್ಕೆ ಈ ಉದ್ದದ ಕ್ರಿಯಾಪದಗಳು ತಲೆಬಾಗುವುದಿಲ್ಲ. 'ಪಿಸಾಲಿಶ್ಮಿ' ಎಂಬಲ್ಲಿ ನಿಯಮದ ಪ್ರಕಾರ 'ಲಿಶ್' ಮೇಲೆ ಒತ್ತು ಬೀಳಬೇಕು. ವ್ಯಾಕರಣ ಪುಸ್ತಕಗಳು ಹೇಳುವುದು ಹಾಗಲ್ಲ. 'ಸಾ' ಮೇಲೆ, ಅಂದರೆ ಕೊನೆಯಿಂದ ಮೂರನೆಯದರ ಮೇಲೆ. ಆರು ತುಂಡಿನ 'ನಾಪಿಸಾಲಿಬಿಶ್ಮಿ'ಯಲ್ಲಿಯೂ ಅದೇ 'ಸಾ' ಮೇಲೆ. ಇಲ್ಲಿ ಅದು ಕೊನೆಯಿಂದ ನಾಲ್ಕನೆಯದು. ಕಲಿಯುವವರು ಇದನ್ನು 'ಅಪವಾದ'ವೆಂದು ಪಟ್ಟಿ ಮಾಡಿ ಉರುಹೊಡೆಯುತ್ತಾರೆ. ಆದರೆ ಕಾರಣವನ್ನು ತಿಳಿದರೆ ಇದು ಅಪವಾದವೇ ಅಲ್ಲವೆಂದು ಗೊತ್ತಾಗುತ್ತದೆ.

ಕಾರಣವಿಷ್ಟೆ: 'ಪಿಸಾಲಿಶ್ಮಿ' ಒಂದು ಪದವಲ್ಲ, ಎರಡು. 'ಪಿಸಾಲಿ' ಎಂಬುದು ಮೊದಲು ಒಂದು ಕೃದಂತವಾಗಿತ್ತು. ಆದುದರಿಂದಲೇ ಅದಕ್ಕೆ ಲಿಂಗವಿದೆ. ಗಂಡಸು 'ನಾನು ಬರೆದೆ' ಎನ್ನಲು 'ಪಿಸಾವೆಮ್' ಎನ್ನುತ್ತಾನೆ. ನಾನು ಹೆಣ್ಣುಮಗಳಾದುದರಿಂದ 'ಪಿಸಾವಾಮ್' ಎನ್ನಬೇಕು. ಹುಡುಗಿಯರಷ್ಟೇ ಸೇರಿ ಬರೆದರೆ 'ಪಿಸಾವಿಶ್ಮಿ'. ಮೂವತ್ತು ಹುಡುಗಿಯರ ನಡುವೆ ಒಬ್ಬ ಹುಡುಗ ಬಂದು ಕುಳಿತರೆ ಸಾಕು, ಇಡೀ ತರಗತಿ 'ಪಿಸಾಲಿಶ್ಮಿ' ಆಗಿಬಿಡುತ್ತದೆ! ಇನ್ನು ಕೊನೆಯ 'ಶ್ಮಿ' ಎಂಬುದು 'ನಾವು ಇದ್ದೇವೆ' ಎಂಬ ಹಳೆಯ ಸಹಾಯಕ ಕ್ರಿಯಾಪದದ ಸವೆದ ತುಣುಕು. 'ನಾವು ಇದ್ದೇವೆ' ಎಂಬುದಕ್ಕೆ ಇಂದು ಅವರು ಹೇಳುವ 'ಯೆಸ್ತೆಶ್ಮಿ' ಎಂಬ ಮಾತಿನ ಬಾಲದಲ್ಲಿಯೂ ಅದೇ ಇದೆ. ನಡುವಿನ 'ಬಿ' ಕೂಡ ಮೂಲದಲ್ಲಿ ಆ 'ಇರು' ಎಂಬ ಅರ್ಥದ ಧಾತುವಿನದೇ ರೂಪ. 'ಪಿಸಾಲಿ' ಎಂಬ ಮೂರು ತುಂಡಿನ ಪದದಲ್ಲಿ ಒತ್ತು ನಿಯಮದಂತೆಯೇ 'ಸಾ' ಮೇಲೆ ಇತ್ತು. ಹಿಂದೆ ಬಂದು ಅಂಟಿಕೊಂಡವರು ಎಷ್ಟು ಮಂದಿಯಾದರೂ ಒತ್ತು ತನ್ನ ಸ್ಥಾನ ಬಿಟ್ಟು ಕದಲಲಿಲ್ಲ.

ಕನ್ನಡದವರಿಗೆ ಇದು ಅರ್ಥವಾಗದ ವಿಷಯವಲ್ಲ. ನಮ್ಮ 'ಬರೆಯುತ್ತಿದ್ದೆವು' ಎಂಬುದೂ 'ಬರೆಯುತ್ತ ಇದ್ದೆವು' ಎಂಬ ಎರಡು ಪದಗಳ ಕೂಡಿಕೆ. ಅಲ್ಲಿಯೂ ಅಂಟಿಕೊಂಡದ್ದು 'ಇರು' ಧಾತುವೇ. ಹೊಲಿಗೆ ಎಷ್ಟು ಬಿಗಿಯಾಗಿ ತೋರಿದರೂ 'ಬರೆಯುತ್ತಲೇ ಇದ್ದೆವು' ಎಂದ ಕೂಡಲೇ ಬಿಚ್ಚಿಕೊಳ್ಳುತ್ತದೆ. ನಡುವೆ 'ಏ'ಕಾರ ನುಸುಳಿ ಎರಡು ಪದಗಳೂ ಮತ್ತೆ ಬೇರೆಬೇರೆಯಾಗಿ ನಿಲ್ಲುತ್ತವೆ.

ಪೋಲಿಷಿನಲ್ಲಿ ಹೊಲಿಗೆ ಬಿಚ್ಚುವುದಷ್ಟೇ ಅಲ್ಲ, ಆ ತುಣುಕು ಎದ್ದು ನಡೆದು ಬೇರೊಂದು ಪದದ ಹೆಗಲನ್ನೇರುತ್ತದೆ. 'ಮಿ' ಎಂದರೆ ನಾವು. 'ಮಿ ಪಿಸಾಲಿಶ್ಮಿ' ಎನ್ನಬಹುದು. 'ಮಿಶ್ಮಿ ಪಿಸಾಲಿ' ಎಂದೂ ಹೇಳಬಹುದು. 'ಬಿಶ್ಮಿ' ಕೂಡ ಹೀಗೆಯೇ ಕ್ರಿಯಾಪದವನ್ನು ಬಿಟ್ಟು ಮುಂದೆ ಹೋಗಿ 'ಮಿ ಬಿಶ್ಮಿ ನಾಪಿಸಾಲಿ' ಎಂದಾಗುತ್ತದೆ. ನಿಜವಾದ ಪ್ರತ್ಯಯ ಹೀಗೆ ಊರೂರು ಅಲೆಯುವುದಿಲ್ಲ. ಈ 'ಬಿ'ಯನ್ನು ಎಲ್ಲಿ ಕೂಡಿಸಿ ಬರೆಯಬೇಕು, ಎಲ್ಲಿ ಬಿಡಿಸಿ ಬರೆಯಬೇಕು ಎಂಬುದೂ ಅವರಿಗೆ ತೀರದ ತಲೆನೋವು. ಪೋಲಿಷ್ ಭಾಷಾ ಮಂಡಳಿಯವರು ೨೦೨೪ರಲ್ಲಿ ಪ್ರಕಟಿಸಿದ, ೨೦೨೬ರ ಜನವರಿ ೧ರಿಂದ ಜಾರಿಗೆ ಗೊತ್ತುಮಾಡಿದ ಕಾಗುಣಿತದ ತಿದ್ದುಪಡಿಗಳಲ್ಲಿ, ಸಂಯೋಜಕ ಅವ್ಯಯಗಳ ಮುಂದೆ ಬರುವ 'ಬಿ'ಯನ್ನು ಬಿಡಿಸಿ ಬರೆಯಬೇಕೆಂಬುದೂ ಒಂದು. ಕ್ರಿಯಾಪದದ ಬೆನ್ನಿಗೆ ಬಂದಾಗ ಮಾತ್ರ ಎಂದಿನಂತೆ ಕೂಡಿಸಿಯೇ ಬರೆಯುತ್ತಾರೆ. ಸಾವಿರ ವರುಷ ನೆರೆಯಲ್ಲಿ ಬಾಳಿದ ಮೇಲೂ ಈ ಪುಟ್ಟ ಪದ ಮನೆಯವನೋ ಅತಿಥಿಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲವೆಂದಾಯಿತು.

ಇಲ್ಲಿಯ ವರೆಗಿನದು ವ್ಯಾಕರಣದ ಮಾತು. ವಾದ ಹುಟ್ಟುವುದು ಇನ್ನು ಮುಂದೆ. ಪುಸ್ತಕಗಳು ಏನೇ ಹೇಳಲಿ, ದಿನಬಳಕೆಯ ಮಾತಿನಲ್ಲಿ ಪೋಲೆಂಡಿನ ಎಷ್ಟೋ ಜನರು 'ಪಿಸಾಲಿಶ್ಮಿ'ಯ ಒತ್ತನ್ನು 'ಲಿಶ್' ಮೇಲೆಯೇ ಹಾಕುತ್ತಾರೆ. ಇದನ್ನು ಕೇಳಿ ಕಿವಿ ಮುಚ್ಚಿಕೊಳ್ಳುವ ಪಂಡಿತರೂ ಇದ್ದಾರೆ. ಅಂದ್ಜೇಯ್ ಮಾರ್ಕೋಫ್‌ಸ್ಕಿಯವರ ಸಂಪಾದಕತ್ವದಲ್ಲಿ ೧೯೯೯ರಲ್ಲಿ ಬಂದ ಶುದ್ಧ ಪೋಲಿಷಿನ ಹೊಸ ನಿಘಂಟು ಬಳಕೆಯನ್ನು ಎರಡು ಮಟ್ಟಗಳಲ್ಲಿ ತೂಗಿತು: ಒಂದು ಮಾದರಿಯ ನುಡಿ, ಇನ್ನೊಂದು ನಿತ್ಯದ ನುಡಿ. ಮಾದರಿಯ ನುಡಿಯಲ್ಲಿ ಒತ್ತು 'ಸಾ' ಮೇಲೆ. ನಿತ್ಯದ ಮಾತಿನಲ್ಲಿ 'ಲಿಶ್' ಮೇಲೆ ಬಿದ್ದರೂ ಸಹಿಸಬಹುದೆಂಬುದು ಇಂದಿನ ಅನೇಕ ಬಲ್ಲವರ ಸಲಹೆ. ಇದು ವಿವೇಕದ ಮಾರ್ಗವೆಂದು ನನಗೆ ತೋರುತ್ತದೆ. ಆದರೆ 'ಸಹಿಸಬಹುದು' ಎಂಬ ಮಾತಿನಲ್ಲಿ ಅಡಗಿರುವ ತಿರಸ್ಕಾರವನ್ನು ನಾನು ಒಪ್ಪಲಾರೆ.

ಏಕೆಂದರೆ 'ಲಿಶ್' ಮೇಲೆ ಒತ್ತು ಹಾಕುವವರು ಸೋಮಾರಿಗಳಲ್ಲ. ತಮ್ಮ ಭಾಷೆಯ ದೊಡ್ಡ ನಿಯಮವನ್ನು ಎಲ್ಲಕ್ಕೂ ಸಮನಾಗಿ ಅನ್ವಯಿಸುತ್ತಿರುವವರು. ಅವರು ಮಾಡುತ್ತಿರುವುದನ್ನು ಭಾಷೆ ತಾನೇ ಹಿಂದೊಮ್ಮೆ ಮಾಡಿ ಮುಗಿಸಿದೆ. 'ಅವನು ಬರೆದ' ಎಂಬುದಕ್ಕೆ 'ಪಿಸಾವ್'. ಎರಡೇ ತುಂಡು, ಒತ್ತು 'ಪಿ' ಮೇಲೆ. ಅದಕ್ಕೆ 'ನಾನು ಇದ್ದೇನೆ' ಎಂಬುದರ ತುಣುಕಾದ 'ಎಮ್' ಸೇರಿ 'ಪಿಸಾವೆಮ್' ಆಯಿತು. ಬಹುವಚನದ ನ್ಯಾಯವೇ ಇಲ್ಲಿಯೂ ನಡೆದಿದ್ದರೆ ಒತ್ತು 'ಪಿ' ಮೇಲೆಯೇ ಉಳಿಯಬೇಕಾಗಿತ್ತು. ಉಳಿಯಲಿಲ್ಲ, 'ಸಾ' ಮೇಲೆ ಸರಿಯಿತು. ಅತ್ಯಂತ ಶುದ್ಧ ನುಡಿಯ ಪಂಡಿತರೂ ಇಂದು 'ಸಾ' ಮೇಲೆಯೇ ಒತ್ತು ಹಾಕುತ್ತಾರೆ. ಅದನ್ನು ಯಾರೂ ಅಶುದ್ಧವೆನ್ನುವುದಿಲ್ಲ. 'ನಾನು' ಎಂಬುದರಲ್ಲಿ ಕೂಡಿಕೆ ಪೂರ್ಣವಾಗಿದೆ. 'ನಾವು' ಎಂಬುದರಲ್ಲಿ ಇನ್ನೂ ನಡೆಯುತ್ತಿದೆ. ಏಕವಚನದಲ್ಲಿ ಸಾಧುವಾದ ನಡೆ ಬಹುವಚನದಲ್ಲಿ ಅಪರಾಧವಾಗುವುದು ಹೇಗೆ?

ಹಾಗಾದರೆ ಹಳೆಯ ಒತ್ತನ್ನು ಬಿಟ್ಟೇಬಿಡೋಣವೇ ಎಂದರೆ, ಅದಕ್ಕೂ ನನ್ನ ಸಮ್ಮತಿಯಿಲ್ಲ. 'ಶ್ಮಿ' ಇನ್ನೂ 'ಮಿ'ಯ ಹೆಗಲೇರಿ ನಡೆಯುತ್ತಿರುವ ವರೆಗೆ, ಅದು ಪ್ರತ್ಯೇಕ ಪದವೆಂದು ಸಾರುವ ಹಳೆಯ ಒತ್ತಿಗೂ ಜೀವವಿದೆ. ಅದು ಭಾಷೆ ತನ್ನ ಬಾಲ್ಯದ ಬಗ್ಗೆ ಇಟ್ಟುಕೊಂಡಿರುವ ನೆನಪು. ವಾರ್ಸಾದಲ್ಲಿ ೧೮೮೭ರಲ್ಲಿ ಜಾಮೆನ್‌ಹೋಫ್ ಎಂಬ ವೈದ್ಯರು ಎಸ್ಪರಾಂಟೋ ಎಂಬ ಕಟ್ಟಿದ ಭಾಷೆಯನ್ನು ಪ್ರಕಟಿಸಿದರು. ಅದರಲ್ಲಿಯೂ ಒತ್ತು ಕೊನೆಯಿಂದ ಎರಡನೆಯದರ ಮೇಲೆ. ಅಲ್ಲಿ ಅಪವಾದವೊಂದೂ ಇಲ್ಲ. ಒಬ್ಬರ ಮೇಜಿನ ಮೇಲೆ ಹುಟ್ಟಿದ ಭಾಷೆಗೆ ಅದು ಶೋಭಿಸುತ್ತದೆ. ಕೋಟ್ಯಂತರ ಜನರ ಬಾಯಲ್ಲಿ ನೂರಾರು ವರುಷ ಉರುಳಿ ಬಂದ ಭಾಷೆಯಲ್ಲಿ ನಾಲ್ಕು ಕಡೆ ಹೊಲಿಗೆಯ ಗುರುತು ಉಳಿದಿರುವುದು ಅದರ ದೋಷವಲ್ಲ. ಕಲಿಸುವವರು ಆ ಗುರುತನ್ನು ತೋರಿಸಿ, 'ಇಲ್ಲಿ ಎರಡು ಪದಗಳು ಕೂಡಿವೆ' ಎಂದು ಹೇಳಲಿ. ಕಾರಣ ತಿಳಿದವರು ಹಳೆಯ ಒತ್ತನ್ನು ಪ್ರೀತಿಯಿಂದಲೇ ಉಳಿಸಿಕೊಳ್ಳುತ್ತಾರೆ. ಕಾರಣ ಹೇಳದೆ ತಪ್ಪು ಎಣಿಸುವವರಿಂದ ಒತ್ತೂ ಉಳಿಯುವುದಿಲ್ಲ, ಪ್ರೀತಿಯೂ ಹುಟ್ಟುವುದಿಲ್ಲ.

'ಹೀಗೆ ಎಲ್ಲವನ್ನೂ ಸಡಿಲ ಬಿಟ್ಟರೆ ಶುದ್ಧಿ-ಅಶುದ್ಧಿಗಳೇ ಇಲ್ಲವಾದಾವು' ಎಂದು ಗುರುಗಳಲ್ಲಿ ಕೆಲವರು ಆಕ್ಷೇಪಿಸಬಹುದು. ಆಕ್ಷೇಪಕ್ಕೆ ತೂಕವಿದೆ. ರಂಗದ ಮೇಲೆ ನಿಂತ ನಟನಿಗೂ, ಬಾನುಲಿಯಲ್ಲಿ ವಾರ್ತೆ ಓದುವವರಿಗೂ, ತರಗತಿಯಲ್ಲಿ ಪಾಠ ಹೇಳುವವರಿಗೂ ಮಾದರಿಯ ನುಡಿ ಬೇಕು. ಹದಿಮೂರು ತುಂಡಿನ ಸಾಲಿನಲ್ಲಿ ಇಡೀ ಕಾವ್ಯ ಬರೆದ ಮೀತ್ಸ್ಕೇವಿಚ್ ಕವಿಯ ನಾಡಿನಲ್ಲಿ ಉಚ್ಚಾರದ ಲೆಕ್ಕ ಲಘುವಾದ ವಿಷಯವಲ್ಲ. ನಾನು ಕೇಳುವುದು ಇಷ್ಟೆ: ಮಾದರಿಯು ಏರಲು ಏಣಿಯಾಗಿರಲಿ, ಬಾಗಿಲಿಗೆ ಹಾಕಿದ ಅಗುಳಿಯಾಗದಿರಲಿ. ಒತ್ತು ಎಲ್ಲಿ ಬಿತ್ತು ಎಂಬುದರಿಂದ ನುಡಿದವನ ಓದು ಎಷ್ಟು, ಮನೆತನ ಯಾವುದು ಎಂದು ಅಳೆಯುವ ಚಪಲ ಎಲ್ಲ ದೇಶಗಳಲ್ಲಿಯೂ ಇದೆ. ಆ ಚಪಲಕ್ಕೂ ವ್ಯಾಕರಣಕ್ಕೂ ಸಂಬಂಧವಿಲ್ಲ.

ಈ ಮಾತನ್ನು ನಾನು ಪೋಲೆಂಡಿನ ನೆವದಿಂದ ಹೇಳುತ್ತಿರುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ. ಆದುದರಿಂದ ಒತ್ತಿನ ಭೇದ ನಮ್ಮ ಕಿವಿಗೆ ಬೇಗ ತಾಗುವುದಿಲ್ಲ. ಇಂಗ್ಲಿಷಿನಲ್ಲಿ 'ಫೋಟೋಗ್ರಾಫ್' ಎಂಬಲ್ಲಿ ಮೊದಲ ತುಂಡಿನ ಮೇಲಿದ್ದ ಒತ್ತು 'ಫೋಟೋಗ್ರಾಫರ್' ಎಂದಾಗ ಎರಡನೆಯದಕ್ಕೆ ಹಾರುತ್ತದೆ ಎಂಬುದನ್ನು ಹಳ್ಳಿಯ ಕನ್ನಡ ಶಾಲೆಯಿಂದ ಬಂದವರಿಗೆ ಯಾರೂ ಹೇಳಿರುವುದಿಲ್ಲ. ನನ್ನ ಸಹಪಾಠಿಯೊಬ್ಬಳು ಒಂದು ಭಾಷಣ ಸ್ಪರ್ಧೆಯಲ್ಲಿ ಈ ಪದವನ್ನೇ ನುಡಿದಾಗ ತೀರ್ಪುಗಾರರಲ್ಲೊಬ್ಬರು ನಕ್ಕರು. ಅವರೊಡನೆ ಸಭೆಯೂ ನಕ್ಕಿತು. ಅವಳ ಭಾಷಣದ ವಿಷಯ ಏನಾಗಿತ್ತೆಂದು ಆಮೇಲೆ ಯಾರೂ ಕೇಳಲಿಲ್ಲ. ಅವಳು ಮತ್ತೆ ವೇದಿಕೆ ಹತ್ತಲಿಲ್ಲ. ಒತ್ತು ಸರಿಯಾದ ಕಡೆ ಬೀಳದಿದ್ದರೆ ಪದಕ್ಕಾಗುವ ಹಾನಿ ಎಷ್ಟೋ ನಾನರಿಯೆ. ನಗು ಬೀಳಬಾರದ ಕಡೆ ಬಿದ್ದರೆ ಮನುಷ್ಯರಿಗಾಗುವ ಹಾನಿಯನ್ನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮ ಅವ್ವನಿಗೆ ಸಹಿ ಹಾಕಲಷ್ಟೇ ಬರುತ್ತದೆ. ಅವಳು 'ಮಾಡಾಕತ್ತಿದ್ವಿ' ಎನ್ನುತ್ತಾಳೆ. 'ಮಾಡಲಿಕ್ಕೆ ಹತ್ತಿದ್ದೆವು' ಎಂಬುದನ್ನು ಒಂದೇ ಉಸಿರಿನಲ್ಲಿ ಕೂಡಿಸಿದ ರೂಪವದು. ಪಟ್ಟಣದ ಕೆಲವರಿಗೆ ಇದು ಒರಟಾಗಿ ಕೇಳುತ್ತದೆ. ಆದರೆ 'ಮಾಡುತ್ತ ಇದ್ದೆವು' ಎಂಬುದು 'ಮಾಡುತ್ತಿದ್ದೆವು' ಎಂದಾಗಿ ಪುಸ್ತಕ ಸೇರಿದ್ದೂ ಇದೇ ದಾರಿಯಿಂದಲ್ಲವೇ? ಒಂದು ಕೂಡಿಕೆ ಮೊದಲು ಅಚ್ಚಿನ ಮನೆಯನ್ನು ಮುಟ್ಟಿತು, ಶಿಷ್ಟವೆನಿಸಿತು. ಇನ್ನೊಂದು ಹೊಲದಲ್ಲಿಯೇ ಉಳಿಯಿತು, ಗ್ರಾಮ್ಯವೆನಿಸಿತು. ಎರಡರಲ್ಲಿಯೂ ಕೆಲಸ ಮಾಡಿದ ಭಾಷೆಯ ಬುದ್ಧಿ ಒಂದೇ. ನಾನು ಈ ಲೇಖನವನ್ನು ಅವ್ವನ ನುಡಿಯಲ್ಲಿ ಬರೆದಿಲ್ಲ. ಎಲ್ಲ ಜಿಲ್ಲೆಯವರಿಗೂ ತಿಳಿಯುವ ಮಾದರಿಯ ನುಡಿಯನ್ನು ಶ್ರಮಪಟ್ಟು ಕಲಿತಿದ್ದೇನೆ. ಆ ಶ್ರಮದ ಬೆಲೆ ನನಗೆ ಗೊತ್ತು. ಕಲಿತ ಮೇಲೆ ಅವ್ವನ ನುಡಿಯನ್ನು ಕೀಳೆನ್ನಲು ಮಾತ್ರ ನನಗೆ ಕಾರಣ ಕಾಣುವುದಿಲ್ಲ.

ಪೋಲೆಂಡಿನ ಚರಿತ್ರೆಯೂ ಈ ಪಾಠವನ್ನೇ ಹೇಳುತ್ತದೆ. ೧೭೯೫ರಿಂದ ೧೯೧೮ರ ವರೆಗೆ ಅದು ಮೂರು ಸಾಮ್ರಾಜ್ಯಗಳ ನಡುವೆ ಹಂಚಿಹೋಗಿ ಭೂಪಟದಿಂದಲೇ ಮಾಯವಾಗಿತ್ತು. ಜರ್ಮನರ ಆಳ್ವಿಕೆಯಲ್ಲಿದ್ದ ವ್ಜೆಶ್ನ್ಯಾ ಎಂಬ ಊರಿನ ಶಾಲೆಯಲ್ಲಿ ೧೯೦೧ರಲ್ಲಿ ಧರ್ಮಪಾಠವನ್ನು ಜರ್ಮನ್ ಭಾಷೆಯಲ್ಲಿ ಒಪ್ಪಿಸಲು ಮಕ್ಕಳು ಒಪ್ಪಲಿಲ್ಲ. ಅವರಿಗೆ ಛಡಿಯೇಟು ಬಿತ್ತು. ಪ್ರತಿಭಟಿಸಿದ ಹಿರಿಯರಿಗೆ ಸೆರೆವಾಸವಾಯಿತು. ಏಟು ತಿಂದ ಆ ಮಕ್ಕಳ ಮಾತಿನಲ್ಲಿ ಒತ್ತು ಕೊನೆಯಿಂದ ಎರಡನೆಯದರ ಮೇಲೆ ಬಿದ್ದಿತೋ ಮೂರನೆಯದರ ಮೇಲೆ ಬಿದ್ದಿತೋ ಎಂದು ಎಣಿಸುವ ಮನಸ್ಸು ಯಾರಿಗೆ ಬಂದೀತು? ಭಾಷೆ ಉಳಿದದ್ದು ಅದನ್ನು ಬಿಡೆವೆಂದವರ ಬಾಯಿಂದ. ಶುದ್ಧವಾಗಿ ನುಡಿಯುವವರೂ ಹೇಗೋ ನುಡಿಯುವವರೂ ಅವರಲ್ಲಿ ಸೇರಿದ್ದರು.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ಯಾವ ಭಾಷೆಯಲ್ಲಿಯೇ ಆಗಲಿ, 'ಇದು ಅಪವಾದ, ಉರುಹೊಡೆಯಿರಿ' ಎಂದಾಗ ಅದರ ಹಿಂದಿನ ಕಾರಣವನ್ನು ಹುಡುಕೋಣ. ಅಲ್ಲಿ ಎಲ್ಲಿಯೋ ಎರಡು ಪದಗಳ ಹಳೆಯ ಸಂಧಿಯೊಂದು ಸಿಕ್ಕೀತು. ಮಾದರಿಯ ನುಡಿಯನ್ನು ಬಿಡದೆ ಕಲಿಯೋಣ. ಅದು ಯಾರೊಬ್ಬರ ಪಿತ್ರಾರ್ಜಿತವೂ ಅಲ್ಲ. ಗುರುಹಿರಿಯರಲ್ಲಿ ಬೇಡುವುದೂ ಒಂದಿದೆ. ನಾವು ತಪ್ಪು ನುಡಿದಾಗ ತಿದ್ದಿರಿ, ಬೇಕಾದರೆ ಗದರಿಸಿ ತಿದ್ದಿರಿ. ಆದರೆ ಕಾರಣ ಹೇಳಿ ತಿದ್ದಿರಿ, ನಗಬೇಡಿರಿ. 'ಪಿಸಾಲಿಶ್ಮಿ' ಎಂದರೆ 'ನಾವು ಬರೆದೆವು' ಎಂದರ್ಥ. ಒತ್ತು ಎಲ್ಲಿಯೇ ಬೀಳಲಿ, ಬರೆದವರು ನಾವು ಎಂಬುದಂತೂ ಸುಳ್ಳಾಗುವುದಿಲ್ಲ.